ಕಾರಿನ ಮೈಲೇಜ್: ಫಲಕದ ಮೇಲೊಂದು, ರಸ್ತೆಯ ಮೇಲೊಂದು

ಮಧ್ಯಮ ಗಾತ್ರದ ಸೆಡಾನ್ ಕೊಳ್ಳಲು ಷೋರೂಮಿನ ಮೆಟ್ಟಿಲು ಹತ್ತುವ ಕುಟುಂಬ ಬಣ್ಣ, ಬೆಲೆ, ಸಾಲದ ಕಂತು ಇವನ್ನೆಲ್ಲ ವಿಚಾರಿಸಿದ ಮೇಲೆ ತಪ್ಪದೆ ಕೇಳುವ ಪ್ರಶ್ನೆ ಒಂದೇ: 'ಎಷ್ಟು ಕೊಡುತ್ತದೆ?' ಮಾರಾಟ ಪ್ರತಿನಿಧಿಯ ಬಳಿ ಅದಕ್ಕೆ ಉತ್ತರ ಸಿದ್ಧವಿರುತ್ತದೆ. ಲೀಟರಿಗೆ 17.8 ಕಿ.ಮೀ., 18.4 ಕಿ.ಮೀ., 20.6 ಕಿ.ಮೀ. ಎಂದು ದಶಾಂಶ ಬಿಂದುವಿನ ಸಮೇತ ಹೇಳುವ ಈ ಅಂಕಿಗಳಿಗೆ ಅಧಿಕೃತ ಮುದ್ರೆಯೂ ಇರುತ್ತದೆ. ಆದರೆ ಕಾರು ಮನೆಗೆ ಬಂದು, ಎರಡು ಮೂರು ಬಾರಿ ಟ್ಯಾಂಕ್ ತುಂಬಿಸಿದ ಮೇಲೆ ಲೆಕ್ಕ ಹಾಕಿದರೆ ಸಿಗುವ ಅಂಕಿಯೇ ಬೇರೆ. ಮಹಾನಗರದ ಸಂಚಾರದಲ್ಲಿ ಅದು ಹನ್ನೊಂದೋ ಹನ್ನೆರಡೋ ಆಗಿ ನಿಂತರೆ ಅಚ್ಚರಿಪಡಬೇಕಾಗಿಲ್ಲ.

ಆಗ ಮೂಡುವ ಮೊದಲ ಅನುಮಾನ ಕಾರಿನ ಮೇಲೆ. ಎರಡನೆಯದು ಪೆಟ್ರೋಲ್ ಬಂಕಿನ ಮೇಲೆ. ಮೂರನೆಯದು ಕಂಪೆನಿಯ ಮೇಲೆ. ಬಹುತೇಕ ಸಂದರ್ಭಗಳಲ್ಲಿ ಈ ಮೂವರೂ ತಪ್ಪಿತಸ್ಥರಲ್ಲ. ಫಲಕದ ಮೇಲಿನ ಅಂಕಿ ಸುಳ್ಳೂ ಅಲ್ಲ. ಅದು ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರ, ಅಷ್ಟೆ. ಆ ಪ್ರಶ್ನೆ ಯಾವುದೆಂದು ತಿಳಿದರೆ ವರ್ಷಕ್ಕೆ ಹತ್ತಾರು ಸಾವಿರ ರೂಪಾಯಿಯ ಲೆಕ್ಕಾಚಾರ ಸರಿಯಾಗುತ್ತದೆ.

ಅಂಕಿ ಹುಟ್ಟುವುದು ಎಲ್ಲಿ?

ಭಾರತದಲ್ಲಿ ಮಾರಾಟವಾಗುವ ಕಾರುಗಳ ಇಂಧನ ಕ್ಷಮತೆಯನ್ನು ಪ್ರಮಾಣೀಕರಿಸುವ ಸಂಸ್ಥೆಗಳಲ್ಲಿ ಪುಣೆಯ ಅಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಪ್ರಮುಖವಾದುದು. 1966ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಹೆಸರೇ ಜನರ ಬಾಯಲ್ಲಿ 'ಎಆರ್‌ಎಐ ಮೈಲೇಜ್' ಎಂಬ ಪದವಾಗಿ ನೆಲೆಗೊಂಡಿದೆ. ಹರಿಯಾಣದ ಮಾನೇಸರದಲ್ಲಿರುವ ಐಕ್ಯಾಟ್ ಸಂಸ್ಥೆಯೂ ಇಂತಹ ಪರೀಕ್ಷೆ ನಡೆಸುತ್ತದೆ.

ಪರೀಕ್ಷೆ ನಡೆಯುವುದು ರಸ್ತೆಯ ಮೇಲಲ್ಲ, ಪ್ರಯೋಗಾಲಯದ ಒಳಗೆ. ಕಾರಿನ ಚಾಲಕ ಚಕ್ರಗಳನ್ನು ದೊಡ್ಡ ಉಕ್ಕಿನ ಉರುಳೆಗಳ ಮೇಲೆ ನಿಲ್ಲಿಸಲಾಗುತ್ತದೆ. ಚಕ್ರ ತಿರುಗಿದರೆ ಉರುಳೆ ತಿರುಗುತ್ತದೆಯೇ ಹೊರತು ಕಾರು ಇದ್ದಲ್ಲಿಂದ ಕದಲುವುದಿಲ್ಲ. ರಸ್ತೆಯಲ್ಲಿ ಗಾಳಿ ಮತ್ತು ಟೈರುಗಳು ಒಡ್ಡುವ ಪ್ರತಿರೋಧಕ್ಕೆ ಸಮನಾದ ಹೊರೆಯನ್ನು ಆ ಉರುಳೆಗಳು ಒಡ್ಡುತ್ತವೆ. ಚಾಲಕನ ಎದುರಿನ ಪರದೆಯ ಮೇಲೆ ಒಂದು ಗೆರೆ ಸಾಗುತ್ತದೆ. ಯಾವ ಸೆಕೆಂಡಿನಲ್ಲಿ ಎಷ್ಟು ವೇಗ ಇರಬೇಕೆಂಬುದು ಅದರಲ್ಲಿ ನಮೂದಾಗಿರುತ್ತದೆ. ಚಾಲಕ ಆ ಗೆರೆಯನ್ನು ಅನುಸರಿಸಬೇಕು. ಹೊಗೆಕೊಳವೆಯಿಂದ ಬಂದ ಅನಿಲವನ್ನು ಸಂಗ್ರಹಿಸಿ, ಅದರಲ್ಲಿರುವ ಇಂಗಾಲದ ಪ್ರಮಾಣದಿಂದ ಎಷ್ಟು ಇಂಧನ ಉರಿದಿದೆ ಎಂಬುದನ್ನು ಲೆಕ್ಕ ಹಾಕಲಾಗುತ್ತದೆ.

ಈ ಗೆರೆಗೆ 'ಚಾಲನಾ ಚಕ್ರ' ಎಂದು ಹೆಸರು. ಬಿಎಸ್–4, ಬಿಎಸ್–6 ಕಾಲದ ಕಾರುಗಳ ಅಂಕಿಗಳು ಹುಟ್ಟಿರುವುದು 'ಮಾರ್ಪಡಿತ ಭಾರತೀಯ ಚಾಲನಾ ಚಕ್ರ' ಎಂಬುದರಿಂದ. ಹೆಸರಿನಲ್ಲಿ ಭಾರತ ಇದ್ದರೂ ಇದರ ಮೂಲ ಯೂರೋಪು. ಯೂರೋಪಿನ ಹಳೆಯ ಎನ್‌ಇಡಿಸಿ ಚಕ್ರವನ್ನೇ ತೆಗೆದುಕೊಂಡು, ಗರಿಷ್ಠ ವೇಗವನ್ನು ಗಂಟೆಗೆ 120 ಕಿ.ಮೀ.ನಿಂದ 90 ಕಿ.ಮೀ.ಗೆ ಇಳಿಸಿ ರೂಪಿಸಿದ್ದು ಇದು. ಅದರ ನಗರ ಭಾಗದ ಬೇರು 1970ರ ದಶಕದ ಯೂರೋಪಿನ ನಗರಗಳಲ್ಲಿದೆ.

ಹತ್ತೂವರೆ ಕಿಲೋಮೀಟರಿನ ಪಯಣ

ಈ ಪರೀಕ್ಷೆಯ ಒಟ್ಟು ಅವಧಿ 1,180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೂ ಕಡಿಮೆ. ಕಾರು 'ಕ್ರಮಿಸುವ' ದೂರ ಸುಮಾರು 10.6 ಕಿ.ಮೀ. ಮೊದಲ 780 ಸೆಕೆಂಡು ನಗರ ಸಂಚಾರದ ಭಾಗ. 195 ಸೆಕೆಂಡಿನ ಒಂದೇ ಮಾದರಿಯನ್ನು ನಾಲ್ಕು ಬಾರಿ ಪುನರಾವರ್ತಿಸಲಾಗುತ್ತದೆ. ಇದರಲ್ಲಿ ಗರಿಷ್ಠ ವೇಗ 50 ಕಿ.ಮೀ., ಸರಾಸರಿ ವೇಗ ಗಂಟೆಗೆ 18.7 ಕಿ.ಮೀ. ಉಳಿದ 400 ಸೆಕೆಂಡು ಊರಾಚೆಯ ಹೆದ್ದಾರಿಯ ಭಾಗ.

ಬೆಂಗಳೂರಿನ ಸಂಚಾರ ಬಲ್ಲವರಿಗೆ 18.7 ಎಂಬ ಸರಾಸರಿ ಅಪರಿಚಿತವೇನಲ್ಲ. ಟಾಮ್‌ಟಾಮ್ ಸಂಸ್ಥೆಯ ಸಂಚಾರ ಸೂಚ್ಯಂಕದ ಪ್ರಕಾರ 2022ರಲ್ಲಿ ಬೆಂಗಳೂರಿನ ಕೇಂದ್ರ ಭಾಗದಲ್ಲಿ 10 ಕಿ.ಮೀ. ಸಾಗಲು ತಗುಲುತ್ತಿದ್ದ ಸರಾಸರಿ ಅವಧಿ 29 ನಿಮಿಷ 10 ಸೆಕೆಂಡು. ಅಂದರೆ ಗಂಟೆಗೆ 20 ಕಿ.ಮೀ.ಗಿಂತ ತುಸು ಹೆಚ್ಚು. ಹಾಗಿದ್ದರೆ ಪ್ರಯೋಗಾಲಯವೂ ನಗರವನ್ನು ಸರಿಯಾಗಿಯೇ ಅನುಕರಿಸುತ್ತಿದೆಯಲ್ಲ ಎಂಬ ಪ್ರಶ್ನೆ ಸಹಜ.

ಇಲ್ಲಿಯೇ ಎರಡು ಸೂಕ್ಷ್ಮಗಳಿವೆ. ಮೊದಲನೆಯದು ದೂರದ ತೂಕ. ಒಟ್ಟು 10.6 ಕಿ.ಮೀ. ಪೈಕಿ ನಗರ ಭಾಗದ ಪಾಲು ಸುಮಾರು 4 ಕಿ.ಮೀ. ಮಾತ್ರ. ಉಳಿದ 6.6 ಕಿ.ಮೀ. ಸರಾಗವಾದ ಹೆದ್ದಾರಿ. ಸಮಯದ ಲೆಕ್ಕದಲ್ಲಿ ನಗರದ್ದೇ ಸಿಂಹಪಾಲಾದರೂ ದೂರದ ಲೆಕ್ಕದಲ್ಲಿ ನೂರಕ್ಕೆ 62ರಷ್ಟು ಹೆದ್ದಾರಿಯದು. ಒಂದು ಕಾರು ನಗರದಲ್ಲಿ ಲೀಟರಿಗೆ 12, ಹೆದ್ದಾರಿಯಲ್ಲಿ 20 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಂಡರೆ, ಈ ಮಿಶ್ರಣದಲ್ಲಿ ಅದರ ಅಂಕಿ 16 ಆಗುತ್ತದೆ. ಜಯನಗರದಿಂದ ಮಲ್ಲೇಶ್ವರಕ್ಕೆ ದಿನವೂ ಓಡಾಡುವವರಿಗೆ ಆ ಹದಿನಾರು ಎಂದಿಗೂ ದಕ್ಕದು. ಅವರ ಪಾಲಿಗೆ ಇರುವುದು ಹನ್ನೆರಡೇ.

ಎರಡನೆಯದು ಚಾಲನೆಯ ಹದ. ಈ ಚಕ್ರದಲ್ಲಿ ನಿಂತ ಕಾರು 50 ಕಿ.ಮೀ. ವೇಗ ತಲುಪಲು 26 ಸೆಕೆಂಡು ತೆಗೆದುಕೊಳ್ಳುತ್ತದೆ. ಸಿಗ್ನಲ್ ಹಸಿರಾದ ಕೂಡಲೇ ಹಿಂದಿನಿಂದ ಹಾರ್ನ್ ಮೊಳಗುವ ನಗರದಲ್ಲಿ ಯಾರೂ ಇಷ್ಟು ಸಾವಧಾನದಿಂದ ಹೊರಡುವುದಿಲ್ಲ, ಹೊರಡಲು ಬಿಡುವುದೂ ಇಲ್ಲ. ಗೆರೆಯಲ್ಲಿ ಏರಿದ ವೇಗ ಸ್ಥಿರವಾಗಿ ನಿಲ್ಲುತ್ತದೆ, ಮತ್ತೆ ನಿಧಾನವಾಗಿ ಇಳಿಯುತ್ತದೆ. ಅಡ್ಡ ಬಂದ ಆಟೊ, ಹಠಾತ್ತನೆ ಎದುರಾದ ರಸ್ತೆ ಉಬ್ಬು, ಗುಂಡಿ ಇವು ಯಾವುವೂ ಅದರಲ್ಲಿಲ್ಲ.

ಪ್ರಯೋಗಾಲಯದಲ್ಲಿ ಇಲ್ಲದ್ದು

ಚಕ್ರದ ಹೊರತಾಗಿಯೂ ಪರೀಕ್ಷೆಯ ವಾತಾವರಣ ಆದರ್ಶಪ್ರಾಯವಾಗಿರುತ್ತದೆ. ಕೋಣೆಯ ತಾಪಮಾನ 20ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಹವಾನಿಯಂತ್ರಣ ಯಂತ್ರ ಚಾಲನೆಯಲ್ಲಿರುವುದಿಲ್ಲ. ಏರು ಇಲ್ಲ, ಇಳಿಜಾರಿಲ್ಲ, ಎದುರು ಗಾಳಿಯಿಲ್ಲ. ಡಿಕ್ಕಿಯಲ್ಲಿ ಸಾಮಾನಿಲ್ಲ, ಹಿಂಬದಿಯ ಆಸನದಲ್ಲಿ ಮೂವರು ಕುಳಿತಿರುವುದಿಲ್ಲ. ಟೈರಿನ ಗಾಳಿ ಸರಿಯಾಗಿರುತ್ತದೆ. ಬಳಸುವುದು ನಿಗದಿತ ಗುಣಮಟ್ಟದ ಇಂಧನ.

ಇವುಗಳಲ್ಲಿ ಎ.ಸಿ.ಯ ಪಾತ್ರ ದೊಡ್ಡದು. ಅಮೆರಿಕದ ಇಂಧನ ಇಲಾಖೆಯ ಪ್ರಕಾರ ತೀವ್ರ ಸೆಕೆಯಲ್ಲಿ ಎ.ಸಿ. ಬಳಕೆಯಿಂದ ಮೈಲೇಜ್ ನೂರಕ್ಕೆ 25ಕ್ಕಿಂತಲೂ ಹೆಚ್ಚು ಕುಸಿಯಬಹುದು. ಸಣ್ಣ ದೂರದ ಓಡಾಟದಲ್ಲಿ ಈ ಪರಿಣಾಮ ಇನ್ನೂ ಸ್ಪಷ್ಟ. ಬಿಸಿಲಿನಲ್ಲಿ ನಿಂತ ಕಾರಿನ ಒಳಾಂಗಣವನ್ನು ತಂಪು ಮಾಡುವಷ್ಟರಲ್ಲಿ ಪಯಣವೇ ಮುಗಿದಿರುತ್ತದೆ. ಕಲಬುರಗಿ, ರಾಯಚೂರುಗಳ ಏಪ್ರಿಲ್ ಬಿಸಿಲಿನಲ್ಲಿ ಓಡುವ ಕಾರಿಗೂ ಮಡಿಕೇರಿಯಲ್ಲಿ ಕಿಟಕಿ ಇಳಿಸಿ ಓಡುವ ಅದೇ ಮಾದರಿಯ ಕಾರಿಗೂ ಒಂದೇ ಮೈಲೇಜ್ ಬರಲಾರದು.

ಇನ್ನು ನಿಂತಲ್ಲೇ ಉರಿಯುವ ಇಂಧನ. ಒಂದೂವರೆ ಲೀಟರ್ ಸಾಮರ್ಥ್ಯದ ಪೆಟ್ರೋಲ್ ಎಂಜಿನ್ ಎ.ಸಿ. ಸಹಿತ ಸುಮ್ಮನೆ ನಿಂತಿದ್ದರೂ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳೋಣ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೋ ಹೆಬ್ಬಾಳದಲ್ಲೋ ಒಟ್ಟು 12 ನಿಮಿಷ ಕದಲದೆ ನಿಂತರೆ 200 ಮಿಲಿಲೀಟರ್ ಹೋಯಿತು. ಲೀಟರಿಗೆ 15 ಕಿ.ಮೀ. ಕೊಡಬಲ್ಲ ಕಾರಿಗೆ 10 ಕಿ.ಮೀ. ಸಾಗಲು ಬೇಕಾದದ್ದು 667 ಮಿಲಿಲೀಟರ್. ಅದಕ್ಕೆ ಈ 200 ಸೇರಿದರೆ ಮೈಲೇಜ್ ಹದಿನೈದರಿಂದ ಹನ್ನೊಂದೂವರೆಗೆ ಇಳಿಯುತ್ತದೆ. ಕಾರಿನಲ್ಲಿ ಯಾವ ದೋಷವೂ ಇಲ್ಲದೆ, ಚಾಲಕನ ತಪ್ಪೂ ಇಲ್ಲದೆ ಇಷ್ಟು ನಷ್ಟ. ಸಿಗ್ನಲ್‌ನಲ್ಲಿ ತಾನಾಗಿ ಎಂಜಿನ್ ಆರಿಸುವ ಸೌಲಭ್ಯ ಕೆಲವು ಕಾರುಗಳಲ್ಲಿ ಇದೆಯಾದರೂ ಸೆಕೆಯಲ್ಲಿ ಎ.ಸಿ. ಸಲುವಾಗಿ ಎಂಜಿನ್ ಮತ್ತೆ ಚಾಲೂ ಆಗುವುದುಂಟು.

ನಿಲ್ಲುವುದಷ್ಟೇ ಅಲ್ಲ, ನಿಂತು ಹೊರಡುವುದೂ ದುಬಾರಿ. ಜನರ ಸಹಿತ 1,300 ಕಿಲೋ ತೂಗುವ ಸೆಡಾನ್ ಒಂದನ್ನು 50 ಕಿ.ಮೀ. ವೇಗಕ್ಕೆ ಒಯ್ಯಲು ಬೇಕಾದ ಶಕ್ತಿಯನ್ನು ಪೆಟ್ರೋಲಿಗೆ ಪರಿವರ್ತಿಸಿದರೆ ಸುಮಾರು 15 ಮಿಲಿಲೀಟರ್ ಆಗುತ್ತದೆ. ಒಂದು ದೊಡ್ಡ ಚಮಚದಷ್ಟು. ಬ್ರೇಕ್ ಒತ್ತಿದಾಗ ಅದಿಷ್ಟೂ ಬಿಸಿಯಾಗಿ ಗಾಳಿಗೆ ಸೇರುತ್ತದೆ. ಹತ್ತು ಕಿಲೋಮೀಟರಿನಲ್ಲಿ ಹತ್ತು ಬಾರಿ ಹೀಗಾದರೆ 150 ಮಿಲಿಲೀಟರ್. ಮುಂದಿನ ಸಿಗ್ನಲ್ ಕೆಂಪಾಗಿರುವುದನ್ನು ದೂರದಿಂದಲೇ ಕಂಡು ಎಕ್ಸಲರೇಟರಿನಿಂದ ಕಾಲು ತೆಗೆಯುವ ಚಾಲಕನಿಗೂ ಕೊನೆಯವರೆಗೆ ಧಾವಿಸಿ ಬ್ರೇಕ್ ಹಾಕುವವನಿಗೂ ಇರುವ ವ್ಯತ್ಯಾಸ ಈ ಚಮಚಗಳ ಲೆಕ್ಕದಲ್ಲಿದೆ.

ಹೆದ್ದಾರಿಯಲ್ಲಿ ವೇಗ, ಘಟ್ಟದಲ್ಲಿ ಏರು

ನಗರ ಬಿಟ್ಟು ಹೊರಟರೆ ಮೈಲೇಜ್ ಏರುತ್ತದೆ ಎಂಬುದು ನಿಜ. ಆದರೆ ಅದಕ್ಕೂ ಮಿತಿಯಿದೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಳಿ ಒಡ್ಡುವ ತಡೆಯನ್ನು 100 ಎಂದುಕೊಂಡರೆ, 100 ಕಿ.ಮೀ. ವೇಗದಲ್ಲಿ ಅದು 156 ಆಗುತ್ತದೆ. 110ರಲ್ಲಿ 189. ಪರೀಕ್ಷೆಯಲ್ಲಿ ಕಾರು 90ರ ಗಡಿ ದಾಟುವುದೇ ಇಲ್ಲ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿಯೇ 100. ಪರೀಕ್ಷೆ ಕಾಣದ ವೇಗದಲ್ಲಿ ಓಡಿಸಿ ಪರೀಕ್ಷೆಯ ಅಂಕಿ ನಿರೀಕ್ಷಿಸುವುದು ನ್ಯಾಯವಲ್ಲ.

ಕರ್ನಾಟಕದ ಭೂಗುಣವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದ ಮಂಗಳೂರಿನಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಬರುವ ಕಾರು ದೂರವನ್ನು ಕ್ರಮಿಸುವುದರ ಜತೆಗೆ ಅಷ್ಟು ಎತ್ತರಕ್ಕೆ ತನ್ನನ್ನು ತಾನೇ ಎತ್ತಿಕೊಳ್ಳಬೇಕು. ಜನರು, ಸಾಮಾನು ಸೇರಿ 1,400 ಕಿಲೋ ತೂಕವಿದ್ದರೆ ಈ ಎತ್ತುವಿಕೆಗೇ ಸುಮಾರು 1.3 ಲೀಟರ್ ಪೆಟ್ರೋಲ್ ಬೇಕು. ಇಡೀ ಪಯಣಕ್ಕೆ ಇಪ್ಪತ್ತು ಲೀಟರ್ ಹಿಡಿಯುವುದಾದರೆ ಇದು ನೂರಕ್ಕೆ ಆರೇಳರಷ್ಟು. ಹೋಗುವಾಗ ಇದರ ಒಂದಂಶ ಮರಳಿ ಸಿಗುತ್ತದೆ. ಆದಕಾರಣ ಘಟ್ಟ ಇಳಿದ ಪಯಣದ ಅಂಕಿಯನ್ನಷ್ಟೇ ಹಿಡಿದು 'ಇಪ್ಪತ್ತೆರಡು ಬಂತು' ಎಂದು ಹಿಗ್ಗುವುದೂ, ಏರಿದ ಪಯಣದ್ದನ್ನು ಹಿಡಿದು ಕುಗ್ಗುವುದೂ ಎರಡೂ ಅರ್ಧಸತ್ಯ. ಹೋಗಿ ಬಂದ ಒಟ್ಟು ಲೆಕ್ಕವೇ ನಿಜವಾದ ಲೆಕ್ಕ.

ಎಥೆನಾಲ್ ಎಂಬ ಹೊಸ ಅಂಶ

ಇತ್ತೀಚಿನ ವರ್ಷಗಳಲ್ಲಿ ಈ ಚರ್ಚೆಗೆ ಸೇರಿದ ಇನ್ನೊಂದು ವಿಷಯ ಪೆಟ್ರೋಲಿನಲ್ಲಿ ಬೆರೆಯುವ ಎಥೆನಾಲ್. 2022ರ ಜೂನ್ ವೇಳೆಗೆ ದೇಶ ಶೇ 10ರ ಮಿಶ್ರಣದ ಗುರಿ ತಲುಪಿತು. ಶೇ 20ರ ಮಿಶ್ರಣ, ಅಂದರೆ ಇ–20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಹೀಗಾಗಿ ಮಿಶ್ರಣ ಹೆಚ್ಚಿದಷ್ಟೂ ಲೀಟರಿನೊಳಗಿನ ಶಕ್ತಿ ಕುಗ್ಗುತ್ತದೆ.

ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೇ ಇದನ್ನು ಒಪ್ಪಿಕೊಂಡಿದೆ. ಶುದ್ಧ ಪೆಟ್ರೋಲಿಗಾಗಿ ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಇ–20 ಬಳಕೆಯಿಂದ ಮೈಲೇಜ್ ಶೇ 6ರಿಂದ 7ರಷ್ಟು ತಗ್ಗಬಹುದು, ಶೇ 10ಕ್ಕೆ ವಿನ್ಯಾಸಗೊಂಡು ಶೇ 20ಕ್ಕೆ ಹೊಂದಿಸಿದ ವಾಹನಗಳಲ್ಲಿ ಇಳಿಕೆ ಶೇ 1ರಿಂದ 2 ಮಾತ್ರ ಎಂಬುದು ಅದರ ಅಂದಾಜು. ಹಳೆಯ ಸೆಡಾನ್ ಇಟ್ಟುಕೊಂಡವರಿಗೆ 'ಮೊದಲಿನಷ್ಟು ಬರುತ್ತಿಲ್ಲ' ಎನಿಸುವುದರಲ್ಲಿ ಇದಕ್ಕೂ ಒಂದು ಪಾಲಿರಬಹುದು. ಆದರೆ ಹದಿನೆಂಟು ಹನ್ನೆರಡಾದುದಕ್ಕೆ ಎಥೆನಾಲನ್ನೇ ದೂರುವುದು ಲೆಕ್ಕಕ್ಕೆ ಹೊಂದದು.

ಹೋಲಿಕೆಯೂ ಕೆಲವೊಮ್ಮೆ ತಪ್ಪುವುದು

ಎಲ್ಲ ಕಾರುಗಳನ್ನೂ ಒಂದೇ ಅಳತೆಗೋಲಿನಿಂದ ಅಳೆದಿರುವುದರಿಂದ, ಅಂಕಿ ನಿಜವಾಗದಿದ್ದರೂ ಹೋಲಿಕೆಗೆ ನೆರವಾಗುತ್ತದೆ ಎಂಬ ವಾದವಿದೆ. ಇದು ಬಹುಮಟ್ಟಿಗೆ ಸರಿ. 2025ರಲ್ಲಿ ಮಾರಾಟ ನಿಂತ ಮಾರುತಿ ಸಿಯಾಜ್‌ನ ಒಂದೂವರೆ ಲೀಟರ್ ಮ್ಯಾನ್ಯುಯಲ್ ಕಾರಿನ ಅಧಿಕೃತ ಅಂಕಿ 20.65. ಅದೇ ವರ್ಗದ ಐದನೇ ತಲೆಮಾರಿನ ಹೊಂಡಾ ಸಿಟಿ ಮ್ಯಾನ್ಯುಯಲ್‌ನದು 17.8. ಒಬ್ಬನೇ ಚಾಲಕ ಒಂದೇ ದಾರಿಯಲ್ಲಿ ಎರಡನ್ನೂ ಓಡಿಸಿದರೆ ಮೊದಲನೆಯದು ಮುಂದಿರುವ ಸಾಧ್ಯತೆಯೇ ಹೆಚ್ಚು.

ಆದರೆ ತಾಂತ್ರಿಕತೆ ಬೇರೆಯಾದಾಗ ಎಚ್ಚರ ಬೇಕು. 2023ರ ಹ್ಯುಂಡೈ ವೆರ್ನಾದಲ್ಲಿ 115 ಪಿಎಸ್ ಶಕ್ತಿಯ ಸಾಮಾನ್ಯ ಪೆಟ್ರೋಲ್ ಎಂಜಿನ್ನಿನ ಮ್ಯಾನ್ಯುಯಲ್ ಕಾರಿಗೆ 18.6, 160 ಪಿಎಸ್ ಶಕ್ತಿಯ ಟರ್ಬೊ ಎಂಜಿನ್ನಿನ ಆಟೊಮ್ಯಾಟಿಕ್ ಕಾರಿಗೆ 20.6 ಎಂದು ಘೋಷಿಸಲಾಗಿತ್ತು. ಹೆಚ್ಚು ಬಲ, ಹೆಚ್ಚು ಮೈಲೇಜ್! ಇದರಲ್ಲಿ ಮೋಸವಿಲ್ಲ. ಮೃದುವಾದ ಪರೀಕ್ಷೆಯಲ್ಲಿ ಟರ್ಬೊ ತನ್ನ ಪೂರ್ಣ ಬಲ ತೋರಿಸುವ ಪ್ರಮೇಯವೇ ಬರುವುದಿಲ್ಲ. ರಸ್ತೆಯಲ್ಲಿ ಆ ಬಲಕ್ಕಾಗಿಯೇ ಕಾರು ಕೊಂಡವರು ಅದನ್ನು ಬಳಸದೆ ಇರುವುದಿಲ್ಲ. ಬಳಸಿದಾಗ ಇಂಧನವೂ ಅದೇ ಪ್ರಮಾಣದಲ್ಲಿ ಖರ್ಚಾಗುತ್ತದೆ. ಆಟೊಮ್ಯಾಟಿಕ್ ಕಾರುಗಳ ವಿಷಯವೂ ಹೀಗೆಯೇ. ಹೊಂಡಾ ಸಿಟಿಯಲ್ಲಿ ಮ್ಯಾನ್ಯುಯಲ್‌ಗೆ 17.8 ಇದ್ದರೆ ಸಿವಿಟಿ ಆಟೊಮ್ಯಾಟಿಕ್‌ಗೆ 18.4 ಇದೆ. ನಿಂತು ನಿಂತು ಸಾಗುವ ಸಂಚಾರದಲ್ಲಿ ಈ ಕ್ರಮ ಹೀಗೆಯೇ ಉಳಿಯುತ್ತದೆಂಬ ಭರವಸೆಯಿಲ್ಲ.

ಹೈಬ್ರಿಡ್ ಕಾರುಗಳದು ಇದಕ್ಕೆ ವ್ಯತಿರಿಕ್ತ ಕತೆ. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿಯ ಒಂದಂಶವನ್ನು ಅವು ಬ್ಯಾಟರಿಗೆ ಮರಳಿಸುತ್ತವೆ. ನಿಂತಾಗ ಎಂಜಿನ್ ಆರಿರುತ್ತದೆ. 2022ರಲ್ಲಿ ಬಂದ ಹೊಂಡಾ ಸಿಟಿ ಹೈಬ್ರಿಡ್‌ನ ಅಧಿಕೃತ ಅಂಕಿ 26.5. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ, ಲೀಟರಿಗೆ 100 ರೂಪಾಯಿಯ ಲೆಕ್ಕದಲ್ಲಿ, 18.4ರ ಕಾರಿಗೆ ಹೋಲಿಸಿದರೆ ಕಾಗದದ ಮೇಲಿನ ಉಳಿತಾಯ ಸುಮಾರು 19,900 ರೂಪಾಯಿ. ರಸ್ತೆಯ ಮೇಲೆ ಎರಡೂ ಕಾರುಗಳು ಅಧಿಕೃತ ಅಂಕಿಯ ಶೇ 70ರಷ್ಟನ್ನು ಮಾತ್ರ ಕೊಡುತ್ತವೆ ಎಂದುಕೊಂಡರೆ ಉಳಿತಾಯ ಕುಗ್ಗುವ ಬದಲು ಸುಮಾರು 28,500 ರೂಪಾಯಿಗೆ ಏರುತ್ತದೆ. ಎರಡೂ ಹೆಚ್ಚು ಕುಡಿಯುವುದರಿಂದ ಅಂತರವೂ ಹಿಗ್ಗುತ್ತದೆ. ಅಂದರೆ ಹೆಚ್ಚುವರಿ ಬೆಲೆಯ ಪ್ರತಿ ಒಂದು ಲಕ್ಷ ರೂಪಾಯಿ ಮರಳಲು ಕಾಗದದಲ್ಲಿ ಐದು ವರ್ಷ, ರಸ್ತೆಯಲ್ಲಿ ಮೂರೂವರೆ ವರ್ಷ. ಬೆಲೆಯ ಅಂತರ ಎಷ್ಟು ಲಕ್ಷ, ವರ್ಷಕ್ಕೆ ಎಷ್ಟು ಓಡಾಟ ಎಂಬುದನ್ನು ಇಟ್ಟುಕೊಂಡು ಪ್ರತಿ ಕುಟುಂಬವೂ ಈ ಲೆಕ್ಕ ಮಾಡಿಕೊಳ್ಳಬಹುದು.

ಹೊರದೇಶಗಳು ಕಲಿತ ಪಾಠ

ಈ ಅಂತರ ಭಾರತಕ್ಕೆ ಸೀಮಿತವಾದುದಲ್ಲ. ಯೂರೋಪಿನಲ್ಲಿ ಐಸಿಸಿಟಿ ಸಂಸ್ಥೆ ನಡೆಸಿದ ಅಧ್ಯಯನದ ಪ್ರಕಾರ, ನಿಜವಾದ ಇಂಧನ ಬಳಕೆ ಅಧಿಕೃತ ಅಂಕಿಗಿಂತ 2001ರಲ್ಲಿ ಶೇ 9ರಷ್ಟು ಹೆಚ್ಚಿದ್ದರೆ 2015ರ ಹೊತ್ತಿಗೆ ಅದು ಶೇ 42ಕ್ಕೆ ಏರಿತ್ತು. ಬಳಕೆ ಶೇ 42 ಹೆಚ್ಚು ಎಂದರೆ ಮೈಲೇಜ್ ಶೇ 30ರಷ್ಟು ಕಡಿಮೆ ಎಂದರ್ಥ. ಹದಿನಾಲ್ಕು ವರ್ಷಗಳಲ್ಲಿ ಜನರ ಚಾಲನೆ ಅಷ್ಟೊಂದು ಕೆಟ್ಟಿರಲಿಲ್ಲ. ಪರೀಕ್ಷೆಯ ನಿಯಮಗಳಲ್ಲಿದ್ದ ಸಡಿಲುಗಳನ್ನು ತಯಾರಕರು ಹೆಚ್ಚು ಹೆಚ್ಚಾಗಿ ಬಳಸಿಕೊಂಡಿದ್ದರು. ಹಳೆಯ ಎನ್‌ಇಡಿಸಿಯನ್ನು ಕೈಬಿಟ್ಟು 2017ರಿಂದ ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಪರೀಕ್ಷೆಯನ್ನು ಯೂರೋಪು ಜಾರಿಗೆ ತಂದಿತು. ಇದು 1,800 ಸೆಕೆಂಡಿನ, 23 ಕಿ.ಮೀ. ದೂರದ ಪರೀಕ್ಷೆ. ಗರಿಷ್ಠ ವೇಗ 131 ಕಿ.ಮೀ.

ಆದರೂ ಅಂತರ ಪೂರ್ತಿ ಮುಚ್ಚಲಿಲ್ಲ. 2021ರಲ್ಲಿ ನೋಂದಣಿಯಾದ ಕಾರುಗಳೊಳಗಿನ ಉಪಕರಣಗಳೇ ದಾಖಲಿಸಿದ ಇಂಧನ ಬಳಕೆಯನ್ನು ಯೂರೋಪಿಯನ್ ಆಯೋಗ ಸಂಗ್ರಹಿಸಿ 2024ರಲ್ಲಿ ವರದಿ ನೀಡಿತು. ಪೆಟ್ರೋಲ್ ಕಾರುಗಳ ಬಳಕೆ ಅಧಿಕೃತ ಅಂಕಿಗಿಂತ ಶೇ 23.7, ಡೀಸೆಲ್ ಕಾರುಗಳದು ಶೇ 18.1 ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಚಾರ್ಜ್ ಮಾಡಿ ಓಡಿಸಬೇಕಾದ ಪ್ಲಗ್–ಇನ್ ಹೈಬ್ರಿಡ್‌ಗಳಲ್ಲಂತೂ ಇಂಗಾಲದ ಹೊರಸೂಸುವಿಕೆ ಅಧಿಕೃತ ಅಂಕಿಯ ಮೂರೂವರೆ ಪಟ್ಟು. ಮಾಲೀಕರು ನಿರೀಕ್ಷಿಸಿದಷ್ಟು ಚಾರ್ಜ್ ಮಾಡದೆ ಪೆಟ್ರೋಲಿನಲ್ಲಿಯೇ ಓಡಿಸಿದ್ದರು.

ಅಮೆರಿಕ ಬೇರೆ ದಾರಿ ಹಿಡಿಯಿತು. ಪ್ರಯೋಗಾಲಯದ ಅಂಕಿ ಹೆಚ್ಚೆಂದು ಅರಿತ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1985ರ ಮಾದರಿಗಳಿಂದಲೇ ನಗರದ ಅಂಕಿಯನ್ನು ಶೇ 10, ಹೆದ್ದಾರಿಯದನ್ನು ಶೇ 22 ತಗ್ಗಿಸಿ ಪ್ರಕಟಿಸತೊಡಗಿತು. 2008ರ ಮಾದರಿಗಳಿಂದ ಹೆಚ್ಚಿನ ವೇಗ, ಎ.ಸಿ. ಬಳಕೆ ಮತ್ತು ಚಳಿಯ ಪರೀಕ್ಷೆಗಳನ್ನೂ ಸೇರಿಸಿತು. ನಗರಕ್ಕೊಂದು, ಹೆದ್ದಾರಿಗೊಂದು ಅಂಕಿಯನ್ನು ಪ್ರತ್ಯೇಕವಾಗಿ ಗಾಜಿನ ಮೇಲಿನ ಚೀಟಿಯಲ್ಲಿ ತೋರಿಸಬೇಕೆಂಬ ನಿಯಮ ಅಲ್ಲಿದೆ.

ಅಲ್ಲಿಯೂ ಎಡವಟ್ಟುಗಳಾಗಿವೆ. 2012ರಲ್ಲಿ ಹ್ಯುಂಡೈ ಮತ್ತು ಕಿಯಾ ಕಂಪೆನಿಗಳು 2011ರಿಂದ 2013ರ ಮಾದರಿಯ ಸುಮಾರು 9 ಲಕ್ಷ ವಾಹನಗಳ ಅಂಕಿಗಳನ್ನು ತಗ್ಗಿಸಿ, ಮಾಲೀಕರಿಗೆ ಪರಿಹಾರ ನೀಡಬೇಕಾಯಿತು. 2014ರಲ್ಲಿ 10 ಕೋಟಿ ಡಾಲರ್ ದಂಡಕ್ಕೂ ಒಪ್ಪಿದವು. ಅದೇ ವರ್ಷ ಫೋರ್ಡ್ ತನ್ನ ಮಧ್ಯಮ ಗಾತ್ರದ ಸೆಡಾನ್ ಫ್ಯೂಷನ್ ಹೈಬ್ರಿಡ್‌ನ ಅಂಕಿಯನ್ನು ಗ್ಯಾಲನ್ನಿಗೆ 47 ಮೈಲಿಯಿಂದ 42ಕ್ಕೆ ಇಳಿಸಿತು. ನಮ್ಮ ಲೆಕ್ಕದಲ್ಲಿ ಲೀಟರಿಗೆ 20ರಿಂದ ಸುಮಾರು 17.9 ಕಿ.ಮೀ.ಗೆ. ಉರುಳೆಗಳ ಮೇಲೆ ಹೊರಿಸಬೇಕಾದ ರಸ್ತೆ ಪ್ರತಿರೋಧದ ಲೆಕ್ಕದಲ್ಲಿ ಆದ ತಪ್ಪು ಇದಕ್ಕೆ ಕಾರಣವಾಗಿತ್ತು.

ನಮ್ಮಲ್ಲಿ ಗ್ರಾಹಕರು ನ್ಯಾಯ ಕೇಳಿದ ನಿದರ್ಶನವೂ ಉಂಟು. ಕೇರಳದ ತ್ರಿಶೂರಿನ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಬಂದ ಪ್ರಕರಣದಲ್ಲಿ, 2014ರಲ್ಲಿ ಕೊಂಡ ಡೀಸೆಲ್ ಸೆಡಾನ್ ಒಂದು ಲೀಟರಿಗೆ 32 ಕಿ.ಮೀ. ಕೊಡುತ್ತದೆಂದು ಪ್ರಚಾರ ಮಾಡಲಾಗಿತ್ತು. ತಜ್ಞರು ರಸ್ತೆಯಲ್ಲಿ ಓಡಿಸಿ ನೋಡಿದಾಗ ಸಿಕ್ಕಿದ್ದು 19.6. ಆಯೋಗ ಗ್ರಾಹಕಿಗೆ 3.10 ಲಕ್ಷ ರೂಪಾಯಿ ನೀಡುವಂತೆ ಆದೇಶಿಸಿತು. ಪ್ರಯೋಗಾಲಯದ ಪ್ರಮಾಣಪತ್ರ ಬೇರೆ, ಜಾಹೀರಾತಿನ ಭರವಸೆ ಬೇರೆ ಎಂಬುದನ್ನು ಈ ಪ್ರಕರಣ ನೆನಪಿಸುತ್ತದೆ.

ದೇಶದ ಲೆಕ್ಕಕ್ಕೂ ಪೆಟ್ಟು

ಅಂತರದ ಹೊರೆ ಗ್ರಾಹಕನ ಜೇಬಿಗಷ್ಟೇ ಸೀಮಿತವಲ್ಲ. ಭಾರತ ತನಗೆ ಬೇಕಾದ ಕಚ್ಚಾ ತೈಲದ ಶೇ 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಇದನ್ನು ತಗ್ಗಿಸುವ ಉದ್ದೇಶದಿಂದ ಕಾರು ಕಂಪೆನಿಗಳಿಗೆ ಸರಾಸರಿ ಇಂಧನ ಕ್ಷಮತೆಯ ಮಿತಿ ಹಾಕಲಾಗಿದೆ. 2017–18ರಿಂದ ಕಂಪೆನಿಯೊಂದರ ಕಾರುಗಳ ಸರಾಸರಿ ಹೊರಸೂಸುವಿಕೆ ಕಿಲೋಮೀಟರಿಗೆ ಸುಮಾರು 130 ಗ್ರಾಂ ಇಂಗಾಲದ ಡೈ ಆಕ್ಸೈಡ್, 2022–23ರಿಂದ 113 ಗ್ರಾಂ ಎಂಬುದು ಆ ಮಿತಿ. ಇವೂ ಪ್ರಯೋಗಾಲಯದ ಅಂಕಿಗಳೇ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. 17.8ರ ಕಾರು ಕಾಗದದ ಮೇಲೆ 130 ಗ್ರಾಂ ಉಗುಳಿದರೆ, ಹನ್ನೆರಡೂವರೆ ಮಾತ್ರ ಸಿಗುವ ರಸ್ತೆಯಲ್ಲಿ ಅದು 185 ಗ್ರಾಂ ದಾಟುತ್ತದೆ.

2023ರ ಏಪ್ರಿಲ್‌ನಿಂದ ಬಿಎಸ್–6 ಎರಡನೇ ಹಂತದಲ್ಲಿ ಕಾರಿಗೆ ಉಪಕರಣ ಕಟ್ಟಿ ನಿಜವಾದ ರಸ್ತೆಯಲ್ಲಿಯೇ ಹೊಗೆ ಅಳೆಯುವ ವ್ಯವಸ್ಥೆ ಬಂದಿದೆ. ಆದರೆ ಅದು ವಿಷಾನಿಲಗಳ ನಿಯಂತ್ರಣಕ್ಕಾಗಿ, ಮೈಲೇಜ್ ಘೋಷಣೆಗಲ್ಲ. ಡಬ್ಲ್ಯುಎಲ್‌ಟಿಪಿ ವಿಧಾನವನ್ನು ಭಾರತದಲ್ಲಿಯೂ ತರುವ ಪ್ರಸ್ತಾವವನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಮುಂದಿಟ್ಟಿತು. ಹೊಸ ಪರೀಕ್ಷೆಯಲ್ಲಿ ಅಂಕಿಗಳು ತಗ್ಗಿ ಕಾಣಬಹುದು. ಅದರಿಂದ ಕಾರುಗಳು ಕೆಟ್ಟವೆಂದಾಗದು, ಕನ್ನಡಿ ತುಸು ಸ್ವಚ್ಛವಾಯಿತೆಂದಷ್ಟೇ ಅರ್ಥ.

ಮನೆಯಲ್ಲೇ ಅಳೆಯುವ ಬಗೆ

ತಮ್ಮ ಕಾರಿನ ನಿಜವಾದ ಮೈಲೇಜ್ ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಬಂಕಿನಲ್ಲಿ ಪೈಪು ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಮೀಟರಿನ ಕಿಲೋಮೀಟರ್ ಬರೆದಿಟ್ಟುಕೊಳ್ಳಬೇಕು. ಮುಂದಿನ ಬಾರಿ ಸಾಧ್ಯವಾದರೆ ಅದೇ ಬಂಕಿನಲ್ಲಿ, ಅದೇ ರೀತಿ ತುಂಬಿಸಬೇಕು. ಕ್ರಮಿಸಿದ ದೂರವನ್ನು ಎರಡನೇ ಬಾರಿ ಹಾಕಿಸಿದ ಲೀಟರಿನಿಂದ ಭಾಗಿಸಿದರೆ ಉತ್ತರ ಸಿದ್ಧ. 494 ಕಿ.ಮೀ. ಓಡಿ 38 ಲೀಟರ್ ಹಿಡಿದರೆ ಮೈಲೇಜ್ 13. ಒಂದು ಬಾರಿಯ ಲೆಕ್ಕದಲ್ಲಿ ಏರುಪೇರು ಇರುತ್ತದೆ. ನಾಲ್ಕೈದು ಟ್ಯಾಂಕುಗಳ ಸರಾಸರಿ ನಂಬಲರ್ಹ. ಕಾರಿನೊಳಗಿನ ಪರದೆ ತೋರಿಸುವ ಅಂಕಿ ಬಹಳಷ್ಟು ಸಲ ಇದಕ್ಕಿಂತ ತುಸು ಉದಾರವಾಗಿರುತ್ತದೆ.

ಹೀಗೆ ಬಂದ ಅಂಕಿ ಅಧಿಕೃತ ಅಂಕಿಗಿಂತ ಕಡಿಮೆ ಇದ್ದರೆ ಗಾಬರಿಯಾಗಬೇಕಿಲ್ಲ. ಆದರೆ ಅದೇ ದಾರಿ, ಅದೇ ಚಾಲಕ, ಅದೇ ಋತುವಿನಲ್ಲಿ ತನ್ನದೇ ಹಿಂದಿನ ಸರಾಸರಿಗಿಂತ ಥಟ್ಟನೆ ಕುಸಿದರೆ ಮಾತ್ರ ಕಾರನ್ನು ತೋರಿಸುವುದು ಒಳಿತು. ಟೈರಿನ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್ ಇವು ಮೊದಲು ನೋಡಬೇಕಾದವು. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಉಳಿದ ಸಾಮಾನಿಗೂ ಬೆಲೆಯುಂಟು. ಸುಮಾರು 45 ಕಿಲೋ ಹೆಚ್ಚುವರಿ ಹೊರೆಗೆ ಮೈಲೇಜ್ ನೂರಕ್ಕೆ ಒಂದರಷ್ಟು ಇಳಿಯುತ್ತದೆ.

ಕಾರು ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ ಇನ್ನೂ ಸರಳ. ವರ್ಷಕ್ಕೆ 12,000 ಕಿ.ಮೀ. ಓಡಾಟಕ್ಕೆ 17.8ರಂತೆ 674 ಲೀಟರ್ ಬೇಕು. 12.5ರಂತೆ 960 ಲೀಟರ್. ಲೀಟರಿಗೆ 100 ರೂಪಾಯಿಯಾದರೆ ವ್ಯತ್ಯಾಸ 28,600 ರೂಪಾಯಿ. ತಿಂಗಳಿಗೆ 2,400 ರೂಪಾಯಿಗೆ ಹತ್ತಿರ. ಸಾಲದ ಕಂತಿನ ಜತೆಗೆ ಇದನ್ನೂ ಹೊರಬಲ್ಲೆವೇ ಎಂಬುದು ಷೋರೂಮಿನಲ್ಲಿಯೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ. ಹಾಸಿಗೆಯ ಉದ್ದವನ್ನು ಅಳೆಯಬೇಕಾದದ್ದು ಮಾತ್ರ ಪುಣೆಯ ಪ್ರಯೋಗಾಲಯದ ಗೋಲಿನಿಂದಲ್ಲ, ತಮ್ಮ ನಿತ್ಯದ ರಸ್ತೆಯಿಂದ.